ಬಯಲಲ್ಲಿ ಸವೆದ ಟೈರು, ಬೆಟ್ಟದಲ್ಲಿ ಬಯಲಾಗುವ ದೋಷ

ದೂರ ಪ್ರಯಾಣಕ್ಕೆ ಬಳಸುವ ಮೋಟಾರ್‌ಸೈಕಲ್ಲಿನ ಟೈರು ಎಲ್ಲೆಡೆಯೂ ಒಂದೇ ಸಮನಾಗಿ ಸವೆಯುವುದು ಅಪರೂಪ. ಹಿಂದಿನ ಟೈರಿನ ನಡುಭಾಗ ಚಪ್ಪಟೆಯಾಗುವುದು, ಒಂದು ಮಗ್ಗುಲು ಇನ್ನೊಂದಕ್ಕಿಂತ ಬೇಗ ಬೋಳಾಗುವುದು, ಮುಂದಿನ ಟೈರಿನ ಬಟನ್ನುಗಳು, ಅಂದರೆ ಗೀರುಗಳ ನಡುವೆ ಎದ್ದಿರುವ ರಬ್ಬರಿನ ತುಂಡುಗಳು, ಗರಗಸದ ಹಲ್ಲುಗಳಂತೆ ಏರುತಗ್ಗಾಗುವುದು, ಈ ಮೂರೂ ಸೇರಿ ಅಸಮ ಸವೆತವೆನಿಸುತ್ತವೆ. ಇವುಗಳ ಬೆನ್ನಿಗೇ ಮೊದಲು ಇಲ್ಲದಿದ್ದ ಒಂದು ಗುಂಯ್‌ಗುಡುವ ಸದ್ದು ರಸ್ತೆಯಿಂದ ಮೇಲೇಳತೊಡಗುತ್ತದೆ. ಇದನ್ನು ಟೈರಿನ ಗುಣಮಟ್ಟದ ದೋಷವೆಂದು ತೀರ್ಮಾನಿಸುವುದು ವಾಡಿಕೆಯಾದರೂ, ಬಹುಪಾಲು ಸಂದರ್ಭಗಳಲ್ಲಿ ಅದು ವಾಹನ ಓಡಿದ ರಸ್ತೆ, ಹೊತ್ತ ಭಾರ, ತುಂಬಿದ ಗಾಳಿ ಮತ್ತು ಹಿಡಿದ ಬ್ರೇಕುಗಳ ಒಟ್ಟು ಫಲವಾಗಿರುತ್ತದೆ.

ಈ ವಿಷಯವನ್ನು ಅರಿಯಲು ಚಾಮರಾಜನಗರ ಜಿಲ್ಲೆಯ ಯಳಂದೂರಿನ ಸುತ್ತಲ ರಸ್ತೆಗಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬೆಂಗಳೂರನ್ನು ಕೊಯಮತ್ತೂರಿಗೆ ಜೋಡಿಸುವ, ಹಿಂದೆ 209 ಎಂದು ಕರೆಯಲಾಗುತ್ತಿದ್ದು ಈಗ 948 ಎಂಬ ಸಂಖ್ಯೆ ಪಡೆದಿರುವ ರಾಷ್ಟ್ರೀಯ ಹೆದ್ದಾರಿಯು ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳನ್ನು ದಾಟಿ, ಯಳಂದೂರು ಮತ್ತು ಸಂತೇಮರಹಳ್ಳಿಗಳ ಮೂಲಕ ಚಾಮರಾಜನಗರದತ್ತ ಸಾಗುತ್ತದೆ. ಗದ್ದೆ, ಕಬ್ಬು, ತೆಂಗಿನ ತೋಟಗಳ ನಡುವಿನ ಈ ಬಯಲು ದಾರಿಯಿಂದ ಯಳಂದೂರಿನಲ್ಲಿ ಕವಲೊಡೆದು ಗುಂಬಳ್ಳಿಯ ಮೇಲೆ ಹೋಗುವ ರಸ್ತೆ ಸುಮಾರು 24 ಕಿಲೋಮೀಟರ್ ದೂರದ ಬಿಳಿಗಿರಿರಂಗನ ಬೆಟ್ಟವನ್ನು ಏರುತ್ತದೆ. ಕೊಳ್ಳೇಗಾಲದಿಂದ ಹನೂರಿನ ಮೂಲಕ ಸಾಗುವ ಇನ್ನೊಂದು ರಸ್ತೆ ತಾಳಬೆಟ್ಟದ ಬುಡದಿಂದ ತಿರುವುಗಳನ್ನು ಹತ್ತುತ್ತ ಮಲೆ ಮಹದೇಶ್ವರ ಬೆಟ್ಟವನ್ನು ಮುಟ್ಟುತ್ತದೆ. ಹೆದ್ದಾರಿಯನ್ನೇ ಹಿಡಿದು ದಕ್ಷಿಣಕ್ಕೆ ಹೋದರೆ, ಚಾಮರಾಜನಗರ ಮತ್ತು ಹಾಸನೂರುಗಳ ಆಚೆ, ತಮಿಳುನಾಡಿನ ಗಡಿಯೊಳಗೆ 27 ಹೇರ್‌ಪಿನ್ ತಿರುವುಗಳ ದಿಂಬಂ ಘಟ್ಟ ಎದುರಾಗುತ್ತದೆ. ಬೆಂಗಳೂರು ಅಥವಾ ಮೈಸೂರಿನಿಂದ ಹೊರಟ ಸವಾರನ ಟೈರು ಹೀಗೆ ಒಂದೇ ದಿನದಲ್ಲಿ ದೀರ್ಘವಾದ ನೇರ ಓಟವನ್ನೂ ಅದರ ಕೊನೆಗೆ ಘಟ್ಟದ ತಿರುವುಗಳನ್ನೂ ಎದುರಿಸುತ್ತದೆ. ಬಯಲು ಟೈರಿಗೆ ಮಾಡಿದ ಹಾನಿ ಬಯಲಿನಲ್ಲಿ ಗೊತ್ತಾಗದೆ ಬೆಟ್ಟದಲ್ಲಿ ಗೊತ್ತಾಗುತ್ತದೆ ಎಂಬುದೇ ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ.

ದುಂಡನೆಯ ಮೈ, ಅಂಗೈಯಷ್ಟು ನೆಲ

ಕಾರಿನ ಟೈರನ್ನು ಅಡ್ಡ ಕತ್ತರಿಸಿ ನೋಡಿದರೆ ನೆಲಕ್ಕೆ ತಾಗುವ ಭಾಗ ಹೆಚ್ಚುಕಡಿಮೆ ಚಪ್ಪಟೆಯಾಗಿರುತ್ತದೆ. ಮೋಟಾರ್‌ಸೈಕಲ್ಲಿನದು ಕಮಾನಿನಂತೆ ದುಂಡಗಿರುತ್ತದೆ. ಕಾರು ಚಕ್ರವನ್ನು ಹೊರಳಿಸಿ ತಿರುಗಿದರೆ, ಮೋಟಾರ್‌ಸೈಕಲ್ಲು ಮುಖ್ಯವಾಗಿ ಮೈಯನ್ನೇ ವಾಲಿಸಿ ತಿರುಗುವುದರಿಂದ ಈ ದುಂಡುತನ ಅದಕ್ಕೆ ಅನಿವಾರ್ಯ. ವಾಹನ ನೇರವಾಗಿ ಹೋಗುವಾಗ ಟೈರಿನ ನೆತ್ತಿ, ವಾಲಿದಾಗ ಅದರ ಮಗ್ಗುಲು, ಇನ್ನೂ ವಾಲಿದಾಗ ಭುಜ ಎಂದು ಕರೆಯುವ ಅಂಚಿನ ಭಾಗ ನೆಲಕ್ಕೆ ತಾಗುತ್ತವೆ. ಆದುದರಿಂದ ಟೈರಿನ ಯಾವ ಭಾಗ ಸವೆದಿದೆ ಎಂಬುದನ್ನು ನೋಡಿ ಅದು ಎಂತಹ ರಸ್ತೆಯಲ್ಲಿ ಓಡಿತೆಂದು ಹೇಳಲು ಸಾಧ್ಯ.

ಯಾವುದೇ ಗಳಿಗೆಯಲ್ಲಿ ನೆಲಕ್ಕೆ ತಾಗಿರುವ ಜಾಗ ಬಹಳ ಸಣ್ಣದು. ಇಬ್ಬರು ಸವಾರರು ಮತ್ತು ಚೀಲಗಳೊಡನೆ ಹಿಂದಿನ ಚಕ್ರದ ಮೇಲೆ 200 ಕಿಲೋ ಭಾರ ಬೀಳುತ್ತದೆಂದೂ ಟೈರಿನಲ್ಲಿ 32 ಪಿಎಸ್‌ಐ ಗಾಳಿ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋ ಒತ್ತಡ ಇದೆಯೆಂದೂ ಭಾವಿಸಿದರೆ, ಭಾರವನ್ನು ಒತ್ತಡದಿಂದ ಭಾಗಿಸಿದಾಗ ದೊರೆಯುವುದು ಸುಮಾರು 90 ಚದರ ಸೆಂಟಿಮೀಟರ್. ಟೈರಿನ ಗಟ್ಟಿ ಗೋಡೆಗಳೂ ಸ್ವಲ್ಪ ಭಾರ ಹೊರುವುದರಿಂದ ಈ ಲೆಕ್ಕ ಅಂದಾಜಿನದೇ ಆದರೂ, ಇಡೀ ವಾಹನ ಎರಡು ಅಂಗೈಗಳಷ್ಟು ನೆಲದ ಮೇಲೆ ನಿಂತಿದೆ ಎನ್ನುವುದಕ್ಕೆ ಸಾಕು. ಎಂಜಿನ್ನಿನ ತಳ್ಳುವಿಕೆ, ಬ್ರೇಕಿನ ತಡೆ, ತಿರುವಿನ ಎಳೆತ ಇವೆಲ್ಲವೂ ರಸ್ತೆಗೆ ತಲುಪುವುದು ಈ ಅಂಗೈಯಗಲದ ರಬ್ಬರಿನ ಮೂಲಕವೇ. ಅಲ್ಲಿ ರಬ್ಬರು ಪ್ರತಿ ಸುತ್ತಿನಲ್ಲೂ ಒತ್ತಿಕೊಂಡು, ಹಿಗ್ಗಿ, ಅತಿ ಸ್ವಲ್ಪ ಜಾರಿ, ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಆ ಜಾರುವಿಕೆಯೇ ಸವೆತ.

ನಡು ಚಪ್ಪಟೆಯಾಗುವುದು

ಮಳವಳ್ಳಿಯಿಂದ ಚಾಮರಾಜನಗರದವರೆಗಿನಂತಹ ಬಯಲು ದಾರಿಯಲ್ಲಿ ವಾಹನ ಹೆಚ್ಚು ಹೊತ್ತು ನೆಟ್ಟಗೆ ಸಾಗುವುದರಿಂದ ನೆತ್ತಿಯ ಪಟ್ಟಿಯೊಂದೇ ಸವೆಯುತ್ತ ಹೋಗುತ್ತದೆ. ಎಂಜಿನ್ನಿನ ಬಲವನ್ನು ನೆಲಕ್ಕೆ ಮುಟ್ಟಿಸುವ ಕೆಲಸವೂ ಹೆಚ್ಚಿನ ಭಾರವೂ ಹಿಂದಿನ ಟೈರಿನದೇ ಆದ್ದರಿಂದ ಈ ಬಗೆಯ ಸವೆತ ಅಲ್ಲಿಯೇ ಎದ್ದು ಕಾಣುತ್ತದೆ. ಕೆಲವು ಸಾವಿರ ಕಿಲೋಮೀಟರುಗಳ ಅನಂತರ ಕಮಾನಿನ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗಿ, ಚಪ್ಪಟೆ ಭಾಗವೂ ಸವೆಯದೆ ಉಳಿದ ಮಗ್ಗುಲೂ ಕೂಡುವಲ್ಲಿ ಒಂದು ಏಣು ಮೂಡುತ್ತದೆ. ದೀರ್ಘ ಓಟಕ್ಕೆಂದು ತಯಾರಾಗುವ ಕೆಲವು ಟೈರುಗಳಲ್ಲಿ ನಡುವಿಗೆ ಗಡಸು ರಬ್ಬರನ್ನೂ ಭುಜಗಳಿಗೆ ಮೆತ್ತನೆಯ ರಬ್ಬರನ್ನೂ ಬಳಸುವುದು ಇದನ್ನು ನಿಧಾನಗೊಳಿಸುವುದಕ್ಕಾಗಿಯೇ.

ನೇರ ರಸ್ತೆಯಲ್ಲಿ ಈ ಚಪ್ಪಟೆತನ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ವಾಹನ ಇನ್ನಷ್ಟು ಭದ್ರವಾಗಿ ನಿಂತಂತೆ ತೋರುವುದೂ ಉಂಟು. ಆದರೆ ತಾಳಬೆಟ್ಟದ ಮೊದಲ ತಿರುವಿನಲ್ಲಿ ವಾಲಿಸಲು ಹೊರಟಾಗ ವಾಹನ ಮೊದಲು ಹಟ ಹಿಡಿದಂತೆ ಎದ್ದು ನಿಂತು, ಏಣನ್ನು ದಾಟಿದ ಕೂಡಲೇ ತಟ್ಟನೆ ಮಗ್ಗುಲಿಗೆ ಬೀಳುತ್ತದೆ. ಮುಂದಿನ ಟೈರು ದುಂಡಗೇ ಉಳಿದು ಹಿಂದಿನದು ಚಪ್ಪಟೆಯಾಗಿದ್ದರೆ ಎರಡು ಚಕ್ರಗಳೂ ಒಂದೇ ಲಯದಲ್ಲಿ ವಾಲುವುದಿಲ್ಲ. ಸವಾರ ಇದನ್ನು ರಸ್ತೆಯ ದೋಷವೆಂದೋ ತನ್ನ ಅಂಜಿಕೆಯೆಂದೋ ತಿಳಿಯುತ್ತಾನೆ. ಕಟಾವಿನ ಕಾಲದಲ್ಲಿ ಈ ಜಿಲ್ಲೆಯ ಹಲವು ರಸ್ತೆಗಳ ಮೇಲೆ ರಾಗಿ, ಹುರುಳಿಗಳನ್ನು ಹರಡಿ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುವ ರೂಢಿ ಇರುವುದರಿಂದ, ನಡುವಿನ ಗೀರುಗಳನ್ನು ಕಳೆದುಕೊಂಡ ಟೈರಿಗೆ ಬಯಲಿನಲ್ಲಿಯೂ ಅಪಾಯ ತಪ್ಪಿದ್ದಲ್ಲ. ಒಣ ಹುಲ್ಲಿನ ಮೇಲೆ ಹೊಸ ಟೈರೇ ಹಿಡಿತ ಕಳೆದುಕೊಳ್ಳುವಾಗ ಬೋಳು ಟೈರಿನ ಮಾತು ಹೇಳಬೇಕಾಗಿಲ್ಲ.

ಬಲ ಮಗ್ಗುಲು ಏಕೆ ಬೇಗ ಸವೆಯುತ್ತದೆ

ಭಾರತದಂತೆ ರಸ್ತೆಯ ಎಡಬದಿಯಲ್ಲಿ ಚಲಿಸುವ ದೇಶಗಳಲ್ಲಿ ಮೋಟಾರ್‌ಸೈಕಲ್ ಟೈರಿನ ಬಲ ಮಗ್ಗುಲೂ, ಬಲಬದಿಯಲ್ಲಿ ಚಲಿಸುವ ದೇಶಗಳಲ್ಲಿ ಎಡ ಮಗ್ಗುಲೂ ಸಾಮಾನ್ಯವಾಗಿ ಹೆಚ್ಚು ಸವೆಯುತ್ತವೆ. ಇದಕ್ಕೆ ಹಲವು ಕಾರಣಗಳು ಕೂಡಿಬರುತ್ತವೆ. ಮೊದಲನೆಯದು ದೂರ. ಎಡಬದಿಯಲ್ಲಿ ಹೋಗುವ ವಾಹನಕ್ಕೆ ಎಡ ತಿರುವು ಒಳಸುತ್ತು, ಬಲ ತಿರುವು ಹೊರಸುತ್ತು. ಹೇರ್‌ಪಿನ್ ತಿರುವೊಂದರಲ್ಲಿ ಒಳಸಾಲಿನ ತ್ರಿಜ್ಯ 8.5 ಮೀಟರ್, ಹೊರಸಾಲಿನದು 11.5 ಮೀಟರ್ ಎಂದಿಟ್ಟುಕೊಂಡರೆ, ಅರ್ಧ ವೃತ್ತ ತಿರುಗಲು ಒಳಗಿನವನು ಸುಮಾರು 27 ಮೀಟರ್, ಹೊರಗಿನವನು ಸುಮಾರು 36 ಮೀಟರ್ ಸಾಗಬೇಕು. ಘಟ್ಟ ಏರುವಾಗ ಬಲಕ್ಕಿದ್ದ ತಿರುವು ಇಳಿಯುವಾಗ ಎಡಕ್ಕಾಗುವುದರಿಂದ, ಹೋಗಿಬರುವಷ್ಟರಲ್ಲಿ ಪ್ರತಿ ತಿರುವೂ ಬಲ ಮಗ್ಗುಲಿಗೆ 9 ಮೀಟರಿನಷ್ಟು ಹೆಚ್ಚಿನ ಓಟವನ್ನು ಕೊಟ್ಟಂತಾಯಿತು. ದಿಂಬಂನ 27 ತಿರುವುಗಳಿಗೆ ಇದು ಒಟ್ಟು ಕಾಲು ಕಿಲೋಮೀಟರ್ ಮಾತ್ರ; ಆದ್ದರಿಂದ ದೂರವೊಂದೇ ಈ ಸವೆತಕ್ಕೆ ಕಾರಣವೆನ್ನಲಾಗದು.

ಎರಡನೆಯ ಕಾರಣ ವೇಗ. ಹೊರಸುತ್ತಿನ ಬಲ ತಿರುವಿನಲ್ಲಿ ಮುಂದಿನ ದಾರಿ ಹೆಚ್ಚು ದೂರದವರೆಗೆ ಕಾಣುವುದರಿಂದ ಸವಾರ ವೇಗವನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ಒಳಸುತ್ತಿನ ಎಡ ತಿರುವಿನಲ್ಲಿ ಗುಡ್ಡದ ಮರೆ ಇರುವುದರಿಂದ ನಿಧಾನಿಸುತ್ತಾನೆ. ಮೇಲೆ ಹೇಳಿದ ಹೊರಸುತ್ತನ್ನು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ತಿರುಗಲು ವಾಹನ ಸುಮಾರು 30 ಡಿಗ್ರಿ ವಾಲಬೇಕು. ಒಳಸುತ್ತನ್ನು 20 ಕಿಲೋಮೀಟರ್ ವೇಗದಲ್ಲಿ ತಿರುಗಲು ಸುಮಾರು 20 ಡಿಗ್ರಿ ಸಾಕು. ಮೂರನೆಯ ಕಾರಣ ರಸ್ತೆಯ ಇಳಿಜಾರು. ಮಳೆನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಎತ್ತರಿಸಿ ಎರಡೂ ಅಂಚುಗಳನ್ನು ತಗ್ಗಿಸಿರುತ್ತಾರೆ. ಎಡಬದಿಯಲ್ಲಿ ನೆಟ್ಟಗೆ ಸಾಗುವ ಚಕ್ರಕ್ಕೆ ಬಲಗಡೆಯ ನೆಲ ಕೂದಲೆಳೆಯಷ್ಟು ಎತ್ತರದಲ್ಲಿರುವುದರಿಂದ ನೆಲ ತಾಗುವ ಜಾಗ ನೆತ್ತಿಯಿಂದ ತುಸು ಬಲಕ್ಕೆ ಸರಿಯುತ್ತದೆ. ಘಟ್ಟದ ತಿರುವು ದಿನಕ್ಕೆ ಕೆಲವು ನಿಮಿಷಗಳದಾದರೆ ಈ ಇಳಿಜಾರು ಬಯಲಿನ ಉದ್ದಕ್ಕೂ ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಹೀಗಾಗಿ ಬಲ ಮಗ್ಗುಲು ಸ್ವಲ್ಪ ಮುಂದಾಗಿ ಸವೆಯುವುದನ್ನು ರೋಗವೆಂದು ಭಾವಿಸಬೇಕಾಗಿಲ್ಲ. ಎರಡು ಮಗ್ಗುಲುಗಳ ನಡುವೆ ಕಣ್ಣಿಗೆ ಹೊಡೆಯುವಷ್ಟು ಅಂತರವಿದ್ದರೆ, ಅಥವಾ ಎಡ ಮಗ್ಗುಲೇ ಹೆಚ್ಚು ಸವೆದಿದ್ದರೆ, ಚಕ್ರಗಳ ಜೋಡಣೆಯನ್ನು ಸಂಶಯಿಸಬೇಕು.

ಗರಗಸದ ಹಲ್ಲು ಮತ್ತು ಸದ್ದು

ಸದ್ದಿಗೆ ಹೆಚ್ಚಾಗಿ ಕಾರಣವಾಗುವುದು ಮುಂದಿನ ಟೈರಿನ ಸವೆತ. ಬ್ರೇಕ್ ಹಿಡಿದಾಗ ವಾಹನದ ಭಾರ ಮುಂದಕ್ಕೆ ಬಾಗುತ್ತದೆ. ನೆಲಕ್ಕೆ ತಾಗಿದ ಪ್ರತಿಯೊಂದು ಬಟನ್ನೂ ಬಗ್ಗಿ, ನೆಲ ಬಿಡುವ ಗಳಿಗೆಯಲ್ಲಿ ಉಜ್ಜಿಕೊಂಡು ಮೊದಲಿನ ಸ್ಥಿತಿಗೆ ಜಿಗಿಯುತ್ತದೆ. ಹೀಗೆ ಬಟನ್ನಿನ ಒಂದು ಅಂಚು ತಗ್ಗಿ ಇನ್ನೊಂದು ಅಂಚು ಎತ್ತರವಾಗಿಯೇ ಉಳಿಯುತ್ತದೆ. ಇದು ಮುಂದುವರಿದು ಟೈರಿನ ಸುತ್ತಲೂ ತಟ್ಟೆಯಾಕಾರದ ಸಣ್ಣ ಸಣ್ಣ ತಗ್ಗುಗಳ ಸಾಲಾದಾಗ ಅದನ್ನು ಕಪ್ಪಿಂಗ್ ಎನ್ನುತ್ತಾರೆ. ಹೆದ್ದಾರಿಯಲ್ಲಿ ವೇಗವಾಗಿ ಬಂದು ಊರೂರಿನ ಉಬ್ಬುಗಳ ಮುಂದೆ ಬಲವಾಗಿ ಬ್ರೇಕ್ ಹಿಡಿಯುವುದು, ಬೆಟ್ಟ ಇಳಿಯುವಾಗ ಗೇರನ್ನು ತಗ್ಗಿಸದೆ ಮುಂದಿನ ಬ್ರೇಕಿನಲ್ಲೇ ವಾಹನವನ್ನು ತಡೆಹಿಡಿಯುವುದು, ಇವೆರಡೂ ಈ ಸವೆತವನ್ನು ಹೆಚ್ಚಿಸುತ್ತವೆ. ಶಾಕ್ ಅಬ್ಸಾರ್ಬರ್ ದುರ್ಬಲವಾಗಿದ್ದರೆ ಚಕ್ರ ಉಬ್ಬು ದಾಟಿದ ಮೇಲೂ ಕುಣಿಯುತ್ತ, ನೆಲಕ್ಕೆ ಬಿದ್ದ ಕಡೆ ಹೆಚ್ಚು, ಎದ್ದ ಕಡೆ ಕಡಿಮೆ ಸವೆಯುವುದರಿಂದ ತಗ್ಗುಗಳು ಇನ್ನಷ್ಟು ಆಳವಾಗುತ್ತವೆ.

ಈ ತಗ್ಗುಗಳು ಸದ್ದಾಗುವ ಬಗೆಯನ್ನು ಸುಲಭವಾಗಿ ಲೆಕ್ಕ ಹಾಕಬಹುದು. ರಾಯಲ್ ಎನ್‌ಫೀಲ್ಡ್‌ನ ಈಗಿನ ಕ್ಲಾಸಿಕ್ 350 ವಾಹನದ ಮುಂದಿನ ಟೈರಿನ ಮೇಲೆ 100/90-19 ಎಂದು ಬರೆದಿರುತ್ತದೆ. ಟೈರಿನ ಅಗಲ 100 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡ 90, ರಿಮ್ಮಿನ ವ್ಯಾಸ 19 ಅಂಗುಲ ಎಂಬುದು ಇದರ ಅರ್ಥ. ಅದರಂತೆ ಟೈರಿನ ಸುತ್ತಳತೆ 2 ಮೀಟರಿಗಿಂತ ತುಸು ಹೆಚ್ಚಾಗುತ್ತದೆ. ಗಂಟೆಗೆ 72 ಕಿಲೋಮೀಟರ್ ಎಂದರೆ ಸೆಕೆಂಡಿಗೆ 20 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತದೆ. ಸುತ್ತಿಗೆ 30 ತಗ್ಗುಗಳಿದ್ದರೆ ಅವು ಸೆಕೆಂಡಿಗೆ ಸುಮಾರು 300 ಬಾರಿ ನೆಲವನ್ನು ಬಡಿಯುತ್ತವೆ, ಮತ್ತು ಕಿವಿಗೆ ಆ ಬಡಿತಗಳು ಬಿಡಿಬಿಡಿಯಾಗಿ ಕೇಳದೆ ಒಂದೇ ಶ್ರುತಿಯ ಗುಂಯ್‌ಗುಟ್ಟುವಿಕೆಯಾಗಿ ಕೇಳುತ್ತವೆ. ವೇಗ ಅರ್ಧಕ್ಕಿಳಿದರೆ ಶ್ರುತಿಯೂ ಅರ್ಧಕ್ಕಿಳಿಯುತ್ತದೆ. ಗೀರುಗಳ ನಡುವೆ ಸಿಕ್ಕ ಗಾಳಿ ಒತ್ತಿ ಹೊರನುಗ್ಗುವ ಸದ್ದೂ ಇದರೊಡನೆ ಸೇರುವುದರಿಂದ, ದಪ್ಪ ಬಟನ್ನುಗಳ ಟೈರು ಹೊಸದಾಗಿದ್ದಾಗಲೂ ರಸ್ತೆಯಲ್ಲಿ ಸದ್ದು ಮಾಡುವುದು ಸಹಜ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ ಮತ್ತು ಯೆಜ್ಡಿ ವಾಹನಗಳ ಕಾಲದಲ್ಲಿ ಈ ಸದ್ದು ಅಷ್ಟಾಗಿ ಚರ್ಚೆಯ ವಿಷಯವಾಗದಿದ್ದುದಕ್ಕೆ ಆ ಎರಡು ಹೊಡೆತದ ಎಂಜಿನ್ನುಗಳ ಆರ್ಭಟವೇ ಸಾಕಷ್ಟು ಕಾರಣ. ಎಂಜಿನ್ನುಗಳು ಮೆತ್ತಗೆ ಓಡತೊಡಗಿ, ಟೈರುಗಳು ಅಗಲವಾಗಿ, ದಿನಕ್ಕೆ ಮುನ್ನೂರು ನಾನೂರು ಕಿಲೋಮೀಟರ್ ಓಡುವುದು ಸಾಮಾನ್ಯವಾದ ಮೇಲೆ, ಹಿಂದೆ ಮುಚ್ಚಿಹೋಗುತ್ತಿದ್ದ ಸದ್ದು ಸವಾರನ ಕಿವಿಗೆ ಬೀಳತೊಡಗಿತು.

ಸದ್ದು ಟೈರಿನದೋ ಬೇರಿಂಗಿನದೋ ಎಂದು ತಿಳಿಯಲು ಕೆಲವು ಸರಳ ಪರೀಕ್ಷೆಗಳಿವೆ. ಒರಟು ಜಲ್ಲಿಯ ರಸ್ತೆಯಿಂದ ನುಣುಪಾದ ಹೊಸ ಡಾಂಬರಿಗೆ ಬಂದ ಕೂಡಲೇ ಸದ್ದು ಬದಲಾದರೆ ಅದು ಬಹುತೇಕ ಟೈರಿನದು. ರಸ್ತೆ ಬದಲಾದರೂ ಸದ್ದು ಬದಲಾಗದಿದ್ದರೆ ಚಕ್ರದ ಬೇರಿಂಗನ್ನು ನೋಡಬೇಕು. ಆಕ್ಸಿಲರೇಟರ್ ಬಿಟ್ಟಾಗ ನಿಂತು, ಕೊಟ್ಟಾಗ ಮರಳಿ ಬರುವ ಸದ್ದು ಚೈನು ಅಥವಾ ಗೇರಿನ ಕಡೆ ಬೆರಳು ಮಾಡುತ್ತದೆ. ನೇರ ಹೋಗುವಾಗ ಇಲ್ಲದೆ ವಾಲಿದಾಗ ಮಾತ್ರ ಏಳುವ ಗುಂಯ್‌ಗುಟ್ಟುವಿಕೆ ಮಗ್ಗುಲಿನ ಕಪ್ಪಿಂಗ್‌ನ ಲಕ್ಷಣ. ಬಯಲಿನಲ್ಲಿ ಸುಮ್ಮನಿದ್ದ ವಾಹನ ಬಿಳಿಗಿರಿರಂಗನ ಬೆಟ್ಟದ ತಿರುವುಗಳಲ್ಲಿ ಸದ್ದು ಮಾಡಿತೆಂದರೆ ಮೊದಲು ನೋಡಬೇಕಾದುದು ಇದನ್ನೇ. ಸಂಶಯ ಬಂದಲ್ಲಿ ವಾಹನವನ್ನು ನಿಲ್ಲಿಸಿ, ಎಂಜಿನ್ ಆರಿಸಿ, ಟೈರಿನ ಮೇಲೆ ಅಂಗೈಯನ್ನು ಮೊದಲು ಒಂದು ದಿಕ್ಕಿಗೆ, ಆಮೇಲೆ ಎದುರು ದಿಕ್ಕಿಗೆ ಸವರಬೇಕು. ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಇನ್ನೊಂದು ದಿಕ್ಕಿನಲ್ಲಿ ಗರಗಸದಂತೆಯೂ ತಾಗಿದರೆ, ಕಣ್ಣಿಗೆ ಇನ್ನೂ ಕಾಣದಿದ್ದರೂ ಕಪ್ಪಿಂಗ್ ಆರಂಭವಾಗಿದೆ.

ಗಾಳಿಯ ಲೆಕ್ಕ

ಸವೆತದ ಕಾರಣಗಳಲ್ಲಿ ಸವಾರನ ಕೈಯಲ್ಲಿರುವುದೂ ಅವನು ಹೆಚ್ಚಾಗಿ ಮರೆಯುವುದೂ ಗಾಳಿಯ ಒತ್ತಡವೇ. ಗಾಳಿ ಕಡಿಮೆಯಾದರೆ ನೆಲ ತಾಗುವ ಜಾಗ ಹಿಗ್ಗುತ್ತದೆ. ಮೇಲಿನ ಲೆಕ್ಕದಲ್ಲಿ 32ರ ಬದಲು 24 ಪಿಎಸ್‌ಐ ಇದ್ದರೆ 90 ಚದರ ಸೆಂಟಿಮೀಟರ್ 120ರ ಹತ್ತಿರಕ್ಕೆ ಹೋಗುತ್ತದೆ. ಜಾಗ ಹೆಚ್ಚಿದರೆ ಹಿಡಿತವೂ ಹೆಚ್ಚುವುದೆಂಬ ಎಣಿಕೆ ಸರಿಯಲ್ಲ. ಟೈರಿನ ಗೋಡೆ ಪ್ರತಿ ಸುತ್ತಿನಲ್ಲೂ ಅತಿಯಾಗಿ ಬಾಗಿ ಬಿಸಿಯೇರುತ್ತದೆ, ಬಟನ್ನುಗಳು ಹೆಚ್ಚು ಹೊರಳಾಡಿ ಮಗ್ಗುಲುಗಳು ಸವೆಯುತ್ತವೆ, ಮುಂದಿನ ಟೈರಿನ ಕಪ್ಪಿಂಗ್ ಬೇಗ ಬಲಿಯುತ್ತದೆ. ಗಾಳಿ ಹೆಚ್ಚಾದರೆ ಭಾರವೆಲ್ಲ ನೆತ್ತಿಯ ಮೇಲೆ ನಿಂತು ನಡುವಿನ ಸವೆತ ತ್ವರೆಗೊಳ್ಳುತ್ತದೆ. ಒಬ್ಬನೇ ಸವಾರನಿಗೆ ಒಂದು, ಇಬ್ಬರಿಗೆ ಇನ್ನೊಂದು ಎಂದು ಎರಡು ಅಂಕಿಗಳನ್ನು ವಾಹನದ ಕೈಪಿಡಿಯಲ್ಲೋ ಚೈನ್ ಕವರಿನ ಬಳಿಯ ಚೀಟಿಯಲ್ಲೋ ಕೊಟ್ಟಿರುತ್ತಾರೆ. ಮಲೆ ಮಹದೇಶ್ವರ ಬೆಟ್ಟಕ್ಕೆ ಹರಕೆ ಹೊತ್ತು ಹೋಗುವ ಬೈಕುಗಳಲ್ಲಿ ಇಬ್ಬರು ಸವಾರರೂ ಚೀಲವೂ ಇರುವುದೇ ಹೆಚ್ಚಾದ್ದರಿಂದ ಎರಡನೆಯ ಅಂಕಿಯೇ ಅವಕ್ಕೆ ಅನ್ವಯಿಸುತ್ತದೆ.

ಈ ಅಂಕಿಗಳು ಟೈರು ತಣ್ಣಗಿರುವಾಗಿನವು. ಉಷ್ಣತೆ 10 ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಬೇಸಿಗೆಯ ಮಧ್ಯಾಹ್ನ ಬೆಂಗಳೂರಿನಿಂದ ಕೊಳ್ಳೇಗಾಲಕ್ಕೆ ಓಡಿಬಂದ ಟೈರನ್ನು ಅಲ್ಲಿಯೇ ಅಳೆದು, ಒತ್ತಡ ಹೆಚ್ಚಾಗಿದೆಯೆಂದು ಗಾಳಿ ಬಿಟ್ಟರೆ, ಮರುದಿನ ಬೆಳಗಿನ ಚಳಿಯಲ್ಲಿ ಅದೇ ಟೈರು ಕಡಿಮೆ ಗಾಳಿಯಲ್ಲಿ ಘಟ್ಟ ಏರಬೇಕಾಗುತ್ತದೆ. ಬೆಳಿಗ್ಗೆ ಹೊರಡುವ ಮುನ್ನ ಅಳೆಯುವುದೇ ಸರಿಯಾದ ಕ್ರಮ. ಸಾರಜನಕ ತುಂಬಿಸುವುದರಿಂದ ಒತ್ತಡ ಸ್ವಲ್ಪ ನಿಧಾನವಾಗಿ ಇಳಿಯಬಹುದು; ಆದರೆ ಸಾಮಾನ್ಯ ಗಾಳಿಯಲ್ಲಿಯೂ ಶೇಕಡ 78ರಷ್ಟು ಸಾರಜನಕವೇ ಇರುವುದರಿಂದ ಅದು ಆಗಾಗ ಅಳೆಯುವ ಕೆಲಸವನ್ನು ತಪ್ಪಿಸುವುದಿಲ್ಲ.

ಟೈರಿನಾಚೆಯ ಕಾರಣಗಳು

ಗಾಳಿ ಸರಿಯಿದ್ದೂ ಸವೆತ ವಕ್ರವಾಗಿದ್ದರೆ ದೋಷವನ್ನು ವಾಹನದ ಮೈಯಲ್ಲಿ ಹುಡುಕಬೇಕು. ಹ್ಯಾಂಡಲ್ ತಿರುಗುವ ಕಡೆ ಕೂತಿರುವ, ಮೆಕ್ಯಾನಿಕ್ಕುಗಳು ಕೋನ್ ಸೆಟ್ ಎನ್ನುವ ಬೇರಿಂಗು ಸಡಿಲವಾದರೆ ಮುಂದಿನ ಚಕ್ರ ಅಲುಗುತ್ತದೆ. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್ ಸವೆದರೆ ಚಕ್ರ ತಿರುವಿನಲ್ಲಿ ಓಲಾಡುತ್ತದೆ. ಚೈನು ಬಿಗಿಮಾಡುವಾಗ ಎರಡೂ ಕಡೆಯ ಗುರುತುಗಳು ಸಮವಾಗಿ ಬರದಿದ್ದರೆ ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲಿ ಓಡುವುದಿಲ್ಲ. ಎರಡೂ ಚಕ್ರಗಳ ಪಕ್ಕಕ್ಕೆ ಉದ್ದನೆಯ ದಾರ ಹಿಡಿದು ಈ ಜೋಡಣೆಯನ್ನು ಪರೀಕ್ಷಿಸುವ ಹಳೆಯ ವಿಧಾನ ಇಂದಿಗೂ ನಂಬತಕ್ಕದ್ದು. ಕಡ್ಡಿಗಳ ಚಕ್ರವಾದರೆ, ಗುಂಡಿಗೆ ಬಿದ್ದು ಕಡ್ಡಿ ಸಡಿಲವಾದಾಗ ರಿಮ್ಮು ಸೊಟ್ಟಗಾಗಿ ಟೈರು ಒಂದೊಂದೇ ಕಡೆ ಸವೆಯುವುದೂ ಉಂಟು. ಫೋರ್ಕಿನ ಎಣ್ಣೆ ಸೋರಿದ್ದರೆ ಅದರ ಗುರುತು ಮೊದಲು ಸೀಲಿನ ಬಳಿ, ಆಮೇಲೆ ಟೈರಿನ ಮೇಲೆ ಕಾಣುತ್ತದೆ.

ಟೈರಿನ ಪಕ್ಕದಲ್ಲಿರುವ ಬಾಣದ ಗುರುತು ಚಕ್ರ ತಿರುಗಬೇಕಾದ ದಿಕ್ಕನ್ನು ತೋರಿಸುತ್ತದೆ. ಮುಂದಿನ ಚಕ್ರದ ಮುಖ್ಯ ಕೆಲಸ ಬ್ರೇಕಿನ ತಡೆಯನ್ನು ತಾಳುವುದು, ಹಿಂದಿನದು ಎಂಜಿನ್ನಿನ ತಳ್ಳುವಿಕೆಯನ್ನು ತಾಳುವುದು. ಎರಡು ಬಲಗಳ ದಿಕ್ಕೂ ಬೇರೆ. ಪಂಕ್ಚರ್ ಹಾಕಿಸಿದಾಗ ಟೈರನ್ನು ತಿರುಗುಮುರುಗಾಗಿ ಕೂರಿಸಿದರೆ ಬಟನ್ನುಗಳು ತಪ್ಪು ಅಂಚಿನಿಂದ ಸವೆಯತೊಡಗುತ್ತವೆ. ಕಾರುಗಳಂತೆ ಮುಂದಿನ ಟೈರನ್ನು ಹಿಂದಕ್ಕೆ ಹಾಕಿ ಸವೆತವನ್ನು ಸರಿದೂಗಿಸಲು ಅಳತೆಗಳೇ ಬೇರೆಯಾದ್ದರಿಂದ ಇಲ್ಲಿ ಅವಕಾಶವಿಲ್ಲ.

ಕಪ್ಪಿಂಗ್ ಒಮ್ಮೆ ಬಲಿತರೆ ಅದನ್ನು ಹಿಂದಕ್ಕೆ ತಿರುಗಿಸಲಾಗದು, ಏಕೆಂದರೆ ತಗ್ಗು ಬಡಿತವನ್ನೂ ಬಡಿತ ತಗ್ಗನ್ನೂ ಹೆಚ್ಚಿಸುತ್ತ ಹೋಗುತ್ತವೆ. ಕೋನ್ ಸೆಟ್ಟನ್ನೋ ಶಾಕನ್ನೋ ಸರಿಪಡಿಸದೆ ಹೊಸ ಟೈರು ಹಾಕಿದರೆ ಅದೇ ಸವೆತ, ಅದೇ ಸದ್ದು ಮರಳಿ ಬರುತ್ತವೆ. ಟೈರನ್ನು ಯಾವಾಗ ಬದಲಿಸಬೇಕೆಂಬುದಕ್ಕೆ ಗೀರುಗಳ ತಳದಲ್ಲಿ ಎದ್ದಿರುವ ಸಣ್ಣ ದಿಣ್ಣೆಗಳ ಗುರುತನ್ನು ತಯಾರಕರೇ ಕೊಟ್ಟಿರುತ್ತಾರೆ. ಬಟನ್ನುಗಳು ಆ ದಿಣ್ಣೆಯ ಮಟ್ಟಕ್ಕೆ ಇಳಿದಾಗ ಟೈರಿನ ಆಯುಷ್ಯ ಮುಗಿದಂತೆ. ಬಯಲಿನಲ್ಲಷ್ಟೇ ಓಡುವ ವಾಹನಕ್ಕೆ ಈ ಅಳತೆ ಸಾಕಾಗಬಹುದು. ಆದರೆ ಯಳಂದೂರು, ಕೊಳ್ಳೇಗಾಲ, ಹನೂರುಗಳ ಸವಾರನ ದಾರಿ ಬಯಲಿನಲ್ಲಿ ಮೊದಲಾಗಿ ಬೆಟ್ಟದಲ್ಲಿ ಮುಗಿಯುವುದರಿಂದ, ಅವನ ಟೈರಿನ ಆಯುಷ್ಯ ನಡುವಿನ ಗೀರು ಮುಗಿದಾಗಲ್ಲ, ಅದರ ದುಂಡುತನ ಕೆಟ್ಟಾಗಲೇ ಮುಗಿಯುತ್ತದೆ ಎಂದು ಎಣಿಸುವುದು ಕ್ಷೇಮ. ಅದನ್ನು ಅಳೆಯಲು ಗುಂಬಳ್ಳಿಯಲ್ಲೋ ತಾಳಬೆಟ್ಟದ ಬುಡದಲ್ಲೋ ವಾಹನದ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಟೈರಿನ ಕಮಾನು ಇನ್ನೂ ಕಮಾನಾಗಿಯೇ ಇದೆಯೇ ಎಂದು ನೋಡಿದರೆ ಸಾಕು.